ಅಳುವವಳ ಎದುರು ನಕ್ಕ ಮಾಸ್ತರರು

೧೯೮೬ರ ಶ್ರಾವಣದ ಒಂದು ಸೋಮವಾರ, ಬೆಳಿಗ್ಗೆ ಹತ್ತರ ಸುಮಾರು. ಮಿಶ್ರಿಕೋಟಿಯಲ್ಲಿ ನಮ್ಮ ಓಣಿಯ ಗಂಗವ್ವನ ಪಡಸಾಲೆಯಲ್ಲಿ, ಬಾಗಿಲಿನ ಬಲಕ್ಕೆ ನಾನು ನಿಂತಿದ್ದೆ. ಆಕೆಯ ಗಂಡನ ಶವವನ್ನು ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವು ಏರಿಸಿದ್ದರು. ಭಜನೆ ನಡೆದಿತ್ತು.

ಚನ್ನಪ್ಪ ಮಾಸ್ತರರು ಹೆಂಡತಿ ಪಾರವ್ವನ ಹೆಗಲು ಹಿಡಿದು ಒಳಗೆ ಬಂದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಅವರಿಗಿತ್ತು. ಅದರ ತೊಂದರೆ ಕಾಲಿಗಷ್ಟೇ ಎಂದು ನಾವೆಲ್ಲ ತಿಳಿದಿದ್ದೆವು. ಗಂಗವ್ವ ಬಾಯಿ ತೆರೆದು, ದನಿಯೇ ಹೊರಡದೆ ಅಳುತ್ತ ಅವರತ್ತ ನೋಡಿದಳು. ಮಾಸ್ತರರು ಆಕೆಯನ್ನು ನೋಡಿ ಮುಖ ಅರಳಿಸಿ ನಕ್ಕರು. ಭಜನೆ ನಿಂತಿತು.

“ಏನ್ರಿ ಮಾಸ್ತರ, ಮುಂಜಾನೇನ ಕುಡದ ಬಂದೀರೇನು? ಸತ್ತ ಮನಿಯಾಗ ನಗತೀರಲ್ಲ! ನಡೀರಿ ಹೊರಗ!” ಎಂದು ಸತ್ತವನ ತಮ್ಮ ರಟ್ಟೆ ಹಿಡಿದು ಅವರನ್ನು ಹೊರಗಿನ ಕಟ್ಟೆಗೆ ದಬ್ಬಿದ.

ಹೊರಗೆ ಹೋದ ನನ್ನನ್ನು ಮಾಸ್ತರರು ಮೆಲ್ಲಗೆ ಕೇಳಿದರು: “ನನ್ನ ನೋಡಿ ಗಂಗವ್ವ ಮೊದ್ಲ ನಕ್ಕಳಲ್ರಿ. ನಾ ಸುಮ್ನ ಹೆಂಗ ಇರಲಿ?”

ಆಮೇಲೆ ಅವರನ್ನು ಯಾರೂ ಮದುವೆಗೂ ಕರೆಯಲಿಲ್ಲ, ಸತ್ತವರ ಮಣ್ಣಿಗೂ ಕರೆಯಲಿಲ್ಲ. ಅವರೂ ನೆಲ ನೋಡಿಯೇ ಮಾತಾಡತೊಡಗಿದರು. ಗಂಗವ್ವ ಮತ್ತು ಪಾರವ್ವ ಅಂದಿನಿಂದ ಮಾತು ಬಿಟ್ಟರು.

ಈ ಕಾಯಿಲೆಯಲ್ಲಿ ಕೆಲವರಿಗೆ ಎದುರಿನವರ ಮುಖದ ಭಾವ ತಿಳಿಯದಂತಾಗುತ್ತದೆ ಎಂದು ಎಷ್ಟೋ ವರ್ಷಗಳ ಮೇಲೆ ಒಬ್ಬ ಡಾಕ್ಟರರು ನನಗೆ ಹೇಳಿದರು. ಆಗ ಮಾಸ್ತರರು ಬದುಕಿರಲಿಲ್ಲ. ಅಂದು ಕಣ್ಣಾರೆ ಕಂಡವರಲ್ಲಿ ಈಗ ಉಳಿದವರು ನಾನು, ಗಂಗವ್ವ ಮತ್ತು ಪಾರವ್ವ. ಡಾಕ್ಟರರ ಮಾತನ್ನು ಇಬ್ಬರಿಗೂ ಹೇಳಿದೆ. ಆದರೂ ಅವರ ನಡುವೆ ಇಂದಿಗೂ ಮಾತಿಲ್ಲ.