ಆರನೇ ಕ್ಲಾಸಿನ ‘ಯಾಕೆ’

ಇಪ್ಪತ್ತೆರಡು ವರ್ಷದಿಂದ ಹೊಸಪೇಟೆಯಲ್ಲಿ ಗಣಿತ ಕಲಿಸುತ್ತಿರುವ ನನಗೆ ಈಗಲೂ ‘ಯಾಕೆ’ ಎಂಬ ಪದ ಕೇಳಿದರೆ ಎದೆ ಡವಗುಟ್ಟುತ್ತದೆ. ಇದನ್ನು ಹೆಂಡತಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಹತ್ತನೇ ಕ್ಲಾಸಿಗೆ ಬಂದ ಮೇಲೆ ನಾವು ಪ್ರಮೇಯ ಕಲಿಸುತ್ತೇವೆ. ಕಲಿಸುವುದೇನು, ಬಾಯಿಪಾಠ ಮಾಡಿಸುತ್ತೇವೆ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಮಕ್ಕಳು ಸಹಸ್ರನಾಮದಂತೆ ಒಪ್ಪಿಸುತ್ತಾರೆ. ಒಂದು ವರ್ಷ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಬಿಸಿ ತ್ರಿಭುಜದ ಬದಲು ಪಿಕ್ಯೂಆರ್ ಕೊಟ್ಟೆ. ಅರ್ಧ ಕ್ಲಾಸು ಎಬಿಸಿಯನ್ನೇ ಬರೆದಿತ್ತು. ಒಬ್ಬನಂತೂ, ‘ಸರ್, ಈ ತ್ರಿಭುಜ ನಮ್ಮ ಸಿಲಬಸ್‌ನಾಗ ಇಲ್ಲ’ ಎಂದು ಬರೆದಿದ್ದ. ನಕ್ಕೆ, ಆಮೇಲೆ ಹೆದರಿದೆ. ಅವನಿಗೆ ಹಾಗೆ ಕಲಿಸಿದವನು ನಾನೇ.

ಹಂಪಿಯ ಬಂಡೆಗಳು ಒಂದರ ಮೇಲೊಂದು ಹೇಗೆ ನಿಂತಿವೆ ಎಂದು ಕೇಳುವವರು ಪರವೂರಿನವರು. ನಾವು ಸುಮ್ಮನೆ ಒಪ್ಪಿಕೊಂಡವರು. ಗಣಿತದಲ್ಲಾದರೂ ಮಕ್ಕಳು ಹಾಗಾಗಬಾರದೆಂದು ಈ ವರ್ಷ ಆರನೇ ಕ್ಲಾಸಿನಿಂದಲೇ ಕಾರಣ ಹೇಳಿಸಲು ಹೊರಟೆ.

ಬೆಸ ಸಂಖ್ಯೆಗೆ ಬೆಸ ಸಂಖ್ಯೆ ಕೂಡಿಸಿದರೆ ಸಮವೇ ಏಕೆ? ಬಾಗಿಲಾಚೆ ಮಕ್ಕಳು ಬಿಟ್ಟಿದ್ದ ಚಪ್ಪಲಿಗಳಲ್ಲಿ ಇತ್ತ ಏಳು, ಅತ್ತ ಐದು ಇಟ್ಟೆ. ಎರಡೆರಡಾಗಿ ಜೋಡಿಸಿದರೆ ಎರಡೂ ಕಡೆ ಒಂದೊಂದು ಉಳಿಯುತ್ತದೆ. ಉಳಿದ ಎರಡು ಸೇರಿ ಇನ್ನೊಂದು ಜೋಡಿ. ಎರಡೂ ಕಡೆ ಬೆಸ ಸಂಖ್ಯೆಯಲ್ಲಿ ಎಷ್ಟು ಚಪ್ಪಲಿ ಇಟ್ಟರೂ ಹೀಗೇ. ಎಲ್ಲರೂ ತಲೆಯಾಡಿಸಿದರು.

ಸಂಡೂರಿನಿಂದ ಬಂದು ಹಾಸ್ಟೆಲಿನಲ್ಲಿರುವ ರೇಣುಕಾ ಎದ್ದು ನಿಂತಳು. “ಸರ್, ಉಳದವು ಎರಡೂ ಎಡಗಾಲಿನವಾದ್ರ ಜೋಡಿ ಹೆಂಗಾಗ್ತೈತ್ರಿ?”

ಕ್ಲಾಸು ಹೋ ಎಂದಿತು. ಹೆಡ್‌ಮಾಸ್ತರರು ಕಾರಿಡಾರಿನಲ್ಲಿದ್ದರು. ಪಾಠ ಎರಡು ಅಧ್ಯಾಯ ಹಿಂದಿತ್ತು. ‘ಕುಂದ್ರು’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟರೆ ಈ ಹುಡುಗಿ ಇನ್ನೆಂದೂ ಏಳುವುದಿಲ್ಲ ಎಂದು ಭಯವಾಯಿತು. ನನ್ನ ಹತ್ತನೇ ಕ್ಲಾಸಿನವರೆಲ್ಲ ಹಾಗೆ ಒಂದು ದಿನ ಕೂತವರೇ.

“ಭಾಳ ಚೊಲೋ ಕೇಳಿದಿ. ಜೋಡಿ ಅಂದ್ರೇನು, ನೀನ ಹೇಳವ್ವಾ.”

ಅವಳು ಚಪ್ಪಲಿಗಳನ್ನು ದಿಟ್ಟಿಸಿದಳು. ನಾನು ಕಾರಿಡಾರಿನತ್ತ ಒಮ್ಮೆ ಕಣ್ಣು ಹಾಯಿಸಿದೆ.

“ಎಡಗಾಲಿಂದಾದ್ರೇನ್ರಿ ಸರ್,” ಎಂದಳು ಕೊನೆಗೆ. “ನಾವು ಎಣಸಾಕತ್ತೀವಿ, ಹಾಕ್ಕೊಳ್ಳಾಕತ್ತಿಲ್ಲ.”

ಇಷ್ಟು ಸೊಗಸಾದ ಉತ್ತರ ನನಗೆ ಹೊಳೆದಿರಲಿಲ್ಲ. ಆದರೆ ಅವಳು ಕೂರಲಿಲ್ಲ. “ಹಂಗಾದ್ರ ಸೊನ್ನೆಯಿಂದ ಯಾಕ ಭಾಗಿಸಬಾರ್ದ್ರಿ? ಅವತ್ತು ನೀವು ಬರ್ಕೋ ಅಂದ್ರಿ, ಬರ್ಕೊಂಡೆ.”

ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಇಂಥ ಹೊತ್ತಿನಲ್ಲಿ ಎಷ್ಟೋ ಸಲ ನನ್ನನ್ನು ಕಾಪಾಡಿದ ಬೆಲ್ಲು. ಪುಸ್ತಕ ಮಡಚಿಕೊಂಡು ತಲೆಯೆತ್ತಿದೆ.

ಒಬ್ಬರೂ ಎದ್ದಿರಲಿಲ್ಲ.