ಮನೆಮಾತಿನ ಕಲಂ

ದೆಲ್ಫೀನಾ ಅರೆದೊಂದೊ ಆ ಶಾಲೆಯ ದಾಖಲಾತಿ ಗುಮಾಸ್ತೆ. ಹತ್ತೊಂಬತ್ತು ವರ್ಷದಿಂದ ಅದೇ ಮೇಜು, ಅದೇ ಕಿಟಕಿ. ಸಮುದಾಯ ಕಾಲೇಜಿನ ಹಿಂದೆ, ಕಾರು ನಿಲ್ಲಿಸುವ ಬಯಲಿನ ಅಂಚಿನಲ್ಲಿ ನಾಲ್ಕು ತಾತ್ಕಾಲಿಕ ಕೊಠಡಿಗಳಿವೆ. ಶಾಲೆ ಎಂದರೆ ಅಷ್ಟೇ. ತಾತ್ಕಾಲಿಕ ಎಂಬ ಹೆಸರಿಗೂ ಹತ್ತೊಂಬತ್ತು ವರ್ಷವಾಗಿದೆ. ಮಕ್ಕಳು ಬೆಳಿಗ್ಗೆ ಇಲ್ಲಿ ಹೈಸ್ಕೂಲು ಪಾಠ ಕೇಳಿ, ಮಧ್ಯಾಹ್ನ ಬಯಲು ದಾಟಿ ಹೋಗಿ ಕಾಲೇಜಿನ ತರಗತಿಗಳಲ್ಲಿ ದೊಡ್ಡವರ ಪಕ್ಕ ಕೂರುತ್ತಾರೆ. ಹೈಸ್ಕೂಲು ಮುಗಿಯುವಷ್ಟರಲ್ಲಿ ಎರಡು ವರ್ಷದ ಕಾಲೇಜು ಓದೂ ಮುಗಿದಿರುತ್ತದೆ, ಶುಲ್ಕವಿಲ್ಲದೆ. ಅದರ ಬದಲಿಗೆ ಆಟದ ಮೈದಾನವಿಲ್ಲ, ಬ್ಯಾಂಡಿಲ್ಲ, ಅಡುಗೆಮನೆಯಿಲ್ಲ. ಸಲಹೆಗಾರ ಒಬ್ಬನೇ. ಎರವಲು ಕೊಡುವ ಪಠ್ಯಪುಸ್ತಕಗಳ ಒಂದು ಬೀರು ಇದೆ, ಅದರ ಬೀಗದ ಕೈ ದೆಲ್ಫೀನಾಳ ಸೊಂಟದಲ್ಲಿರುತ್ತದೆ. ಮಕ್ಕಳು ನೂರ ಅರವತ್ತೆಂಟು. ಸೀಟಿಗಾಗಿ ಕಾಯುತ್ತಿರುವವರು ನಲವತ್ತೊಂದು.

ಅವಳು ಇದೇ ಕಣಿವೆಯ ಹುಡುಗಿ. ಅಪ್ಪ ಅಮ್ಮ ಒಣದ್ರಾಕ್ಷಿ ತೋಟದಲ್ಲಿ ದುಡಿದವರು, ಇಂಗ್ಲಿಷ್ ಬಾರದವರು. ಒಂಬತ್ತನೇ ವಯಸ್ಸಿನಲ್ಲಿ ಅವಳು ಆಸ್ಪತ್ರೆಯ ಕೊಠಡಿಯಲ್ಲಿ ಅಮ್ಮನಿಗೂ ವೈದ್ಯರಿಗೂ ನಡುವೆ ನಿಂತು, ಅಮ್ಮನ ಎದೆಯಲ್ಲಿರುವ ಗಂಟು ಎಂಥದ್ದೆಂದು ಸ್ಪ್ಯಾನಿಷ್‌ನಲ್ಲಿ ಅಮ್ಮನಿಗೇ ಹೇಳಬೇಕಾಗಿ ಬಂದಿತ್ತು. ಈ ಕೆಲಸಕ್ಕೆ ಸೇರಿದ ಮೊದಲ ವಾರವೇ ಅವಳು ಒಂದು ನಿಯಮ ಮಾಡಿದಳು: ಈ ಶಾಲೆಯಿಂದ ಮನೆಗೆ ಹೋಗುವ ಪ್ರತಿ ಕಾಗದವೂ ಎರಡು ಭಾಷೆಯಲ್ಲಿರಬೇಕು. ಅಂದಿನಿಂದ ಒಂದು ಕಾಗದವೂ ತಪ್ಪಿಲ್ಲ. ಅವಳ ಹೆಮ್ಮೆ ಅಂತ ಇದ್ದರೆ ಅದೊಂದೇ.

ಅಕ್ಟೋಬರ್‌ನ ಮೊದಲ ಬುಧವಾರ ರಾಜ್ಯದ ಎಲ್ಲ ಶಾಲೆಗಳಿಗೂ ಗಣತಿಯ ದಿನ. ಅಂದು ಹಾಜರಿ ಪಟ್ಟಿಯಲ್ಲಿ ಯಾರಿದ್ದಾರೆ, ಯಾವ ಜನಾಂಗದವರು, ಎಷ್ಟು ಮಂದಿ ಬಡವರು, ಮನೆಯಲ್ಲಿ ಯಾವ ಮಾತು, ಎಲ್ಲವನ್ನೂ ಸಂಜೆ ಐದರೊಳಗೆ ಕಳಿಸಬೇಕು. ಮುಂದಿನ ವರ್ಷ ಶಾಲೆಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಆ ಪಟ್ಟಿಯಿಂದಲೇ ಹುಟ್ಟುತ್ತದೆ. ಮಂಗಳವಾರ ಮಧ್ಯಾಹ್ನಕ್ಕೇ ದೆಲ್ಫೀನಾಳ ಪಟ್ಟಿ ಸಿದ್ಧವಾಗಿತ್ತು. ಮನೆಮಾತಿನ ಕಲಂನಲ್ಲಿ ಸ್ಪ್ಯಾನಿಷ್ ನೂರ ಇಪ್ಪತ್ತೊಂದು, ಇಂಗ್ಲಿಷ್ ಮೂವತ್ತಾರು, ಪಂಜಾಬಿ ಏಳು, ಮೋಂಗ್ ನಾಲ್ಕು. ಕೂಡಿಸಿದರೆ ನೂರ ಅರವತ್ತೆಂಟು. ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಕೂಡಿಸಿ ನೋಡಿದ್ದಳು.

ಆಗ ಎರಡನೇ ವರ್ಷದ ಹುಡುಗಿ ಮಾಯ್ರಾ ಬಂದು ಒಂದು ಪುಸ್ತಕವನ್ನೂ ಒಂದು ಕ್ಯಾಲ್ಕುಲೇಟರನ್ನೂ ಮೇಜಿನ ಮೇಲಿಟ್ಟಳು.

"ಏನು ಮಗಳೇ, ಶಾಲೆ ಶುರುವಾಗಿ ಎರಡು ತಿಂಗಳಾಗಿಲ್ಲ, ಆಗಲೇ ವಾಪಸ್ಸಾ?"

"ನಾನು ಹೋಗ್ತಿದ್ದೀನಿ ಮಿಸ್. ದೊಡ್ಡ ಹೈಸ್ಕೂಲಿಗೆ. ಅಮ್ಮ ಸಹಿ ಹಾಕಿದ್ದಾಳೆ."

ದೆಲ್ಫೀನಾ ಪುಸ್ತಕ ತೆರೆದಳು. ಕಾಲೇಜಿನ ಸಮಾಜಶಾಸ್ತ್ರ. ಅಂಗಡಿಯ ಕಂದು ಚೀಲ ಕತ್ತರಿಸಿ ನೀಟಾಗಿ ಹೊದಿಕೆ ಹಾಕಿತ್ತು. ಗುರುತಿನ ಚೀಟಿ ಏಳನೇ ಅಧ್ಯಾಯದಲ್ಲಿತ್ತು. ತರಗತಿ ಇನ್ನೂ ನಾಲ್ಕರಲ್ಲಿದೆ ಎಂದು ಅವಳಿಗೆ ಗೊತ್ತು.

"ಇದರಲ್ಲೇ ಅಲ್ವಾ ನಿನಗೆ ಡಿ ಗ್ರೇಡು ಬಂದಿದ್ದು?"

"ಓದೋದು ಬೇರೆ ಮಿಸ್, ಅವರ ಪರೀಕ್ಷೆ ಬೇರೆ."

"ಹೋಗೋಕೆ ನಿನಗೆ ಇಷ್ಟಾನಾ?"

ಹುಡುಗಿ ಕ್ಯಾಲ್ಕುಲೇಟರಿನ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದಳು. "ಅಮ್ಮ ತೀರ್ಮಾನ ಮಾಡಿದ್ಮೇಲೆ ನನ್ನನ್ನ ಕೇಳೋದೇನಿದೆ," ಎಂದು ಹೇಳಿ ಹೋದಳು.

ವರ್ಗಾವಣೆಯ ಕಾಗದ ಅಷ್ಟರಲ್ಲಾಗಲೇ ದೆಲ್ಫೀನಾಳ ಬುಟ್ಟಿಗೆ ಬಂದು ಬಿದ್ದಿತ್ತು. ತಾಯಿ ಒದೀಲಿಯಾಳ ಸಹಿ ಇತ್ತು, ತಾರೀಖು ಇರಲಿಲ್ಲ. ಅದು ಪೂರ್ತಿಯಾಗಿ ಒಮ್ಮೆ ದಾಖಲಾದರೆ ಮಾಯ್ರಾಳ ಸೀಟು ಕಾಯುವವರ ಪಟ್ಟಿಯ ಮೊದಲನೆಯ ಮಗುವಿಗೆ ಹೋಗುತ್ತದೆ, ಕಾನೂನು ಹಾಗೆ. ಆಮೇಲೆ ಮನಸ್ಸು ಬದಲಾದರೆ ನಲವತ್ತೊಂದು ಮಂದಿಯ ಹಿಂದೆ ನಿಲ್ಲಬೇಕು.

ಸಲಹೆಗಾರ ಕಿರೋಗಾ ಪಕ್ಕದ ಕೊಠಡಿಯಲ್ಲಿದ್ದ. ಈ ವರ್ಷವಷ್ಟೇ ಸೇರಿದವನು. ಬೊಗೋಟದಲ್ಲಿ ಓದಿದವನಾದ್ದರಿಂದ ಅವನ ಸ್ಪ್ಯಾನಿಷ್ ಕೇಳಿದರೆ ರೇಡಿಯೋ ವಾರ್ತೆ ಕೇಳಿದಂತಿರುತ್ತಿತ್ತು.

"ಮಾಯ್ರಾಳ ತಾಯಿಗೆ ಏನು ಹೇಳ್ದೆ ಕಿರೋಗಾ?"

"ಎಲ್ಲಾ ಹೇಳ್ದೆ ದೆಲ್ಫೀ. ಎರಡು ದಾರಿ ಇದೆ ಅಂದೆ. ಇಲ್ಲೇ ಇದ್ದು ವಾರಕ್ಕೆ ಮೂರು ದಿನ ಹೆಚ್ಚಿನ ಪಾಠ ಹೇಳಿಸ್ಕೊಳ್ಳೋದು, ಇಲ್ಲಾ ದೊಡ್ಡ ಶಾಲೆಗೆ ಹೋಗೋದು. ಅಲ್ಲಿ ಬಸ್ಸು ಮನೆ ಹತ್ರಾನೇ ಬರುತ್ತೆ, ನಿಮಗೆ ಅದು ಸುಲಭಾನಾ ಅಂತ ಕೇಳ್ದೆ. ಹೂಂ ಅಂದರು. ನಲವತ್ತು ನಿಮಿಷ ಕೂತಿದ್ವಿ."

"ಅವಳೇನು ಕೇಳಿದ್ಲು?"

"ಏನೂ ಇಲ್ಲ. ತುಂಬಾ ವಿನಯದ ಹೆಂಗಸು."

ಆ ಮಾತು ದೆಲ್ಫೀನಾಳಿಗೆ ಹಿಡಿಸಲಿಲ್ಲ. ಮಗುವಿನ ಸೀಟು ಹೋಗುತ್ತದೆಂದಾಗ ಅತ್ತ ತಾಯಂದಿರನ್ನು ಅವಳು ನೋಡಿದ್ದಳು, ಮೇಜು ಗುದ್ದಿದ ತಂದೆಯರನ್ನೂ ನೋಡಿದ್ದಳು. ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಹೋದವರನ್ನು ನೋಡಿರಲಿಲ್ಲ. ತಾರೀಖು ಬರೆಸುವ ನೆಪದಲ್ಲಿ ಒದೀಲಿಯಾಳನ್ನು ಮರುದಿನ ಬರಲು ಹೇಳಿ ಕಳಿಸಿದಳು.

ಬುಧವಾರ ಮೂರು ಗಂಟೆಗೆ ಒದೀಲಿಯಾ ದಾಳಿಂಬೆ ತೋಟದಿಂದ ನೇರವಾಗಿ ಬಂದಳು. ಕೈಯ ತುಂಬ ಮುಳ್ಳಿನ ಗೀರುಗಳಿದ್ದವು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಟ್ಟೆ ಧೂಳಾಗಿದೆ ಎಂದು ಸನ್ನೆ ಮಾಡಿದಳು. ದೆಲ್ಫೀನಾ ಕಾಗದವನ್ನು ಮುಂದಿಟ್ಟು ಸ್ಪ್ಯಾನಿಷ್‌ನಲ್ಲಿ ನಿಧಾನವಾಗಿ ಕೇಳಿದಳು:

"ಮಗಳು ದೊಡ್ಡ ಶಾಲೆಗೆ ಹೋಗ್ಲಿ ಅಂತ ನಿಮ್ಮ ಇಷ್ಟಾನಾ?"

"ಹೂಂ, ಸೆನ್ಯೋರಾ."

"ಇಲ್ಲಾ, ಇಲ್ಲೇ ಇರ್ಲಿ ಅಂತಾನಾ?"

"ಹೂಂ, ಸೆನ್ಯೋರಾ."

ಕಿಟಕಿಯಾಚೆ ಬಯಲಿನ ಡಾಂಬರು ಬಿಸಿಲಿಗೆ ಹೊಳೆಯುತ್ತಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

"ಹೊರಗೆ ಮಳೆ ಬರ್ತಾ ಇದೆಯಾ?"

"ಹೂಂ, ಸೆನ್ಯೋರಾ," ಎಂದಳು ಒದೀಲಿಯಾ, ಅದೇ ವಿನಯದಿಂದ.

ದೆಲ್ಫೀನಾ ಲೇಖನಿ ಕೆಳಗಿಟ್ಟಳು. ಎದ್ದು ಮಾಯ್ರಾಳ ಕಡತ ತೆಗೆದಳು. ಹೋದ ವರ್ಷ ಸೇರಿಸುವಾಗ ತುಂಬಿದ ನಮೂನೆ, ಮನೆಮಾತು: ಸ್ಪ್ಯಾನಿಷ್. ಬರಹ ತನ್ನದೇ. ಅಂದು ಈ ಮೇಜಿನ ಮುಂದೆ ಎಂಟು ಹತ್ತು ಮಂದಿ ಸಾಲು ನಿಂತಿದ್ದರು. ಮನೇಲಿ ಸ್ಪ್ಯಾನಿಷ್ ತಾನೇ ಎಂದು ತಾನು ಕೇಳಿರಬೇಕು, ಇವಳು ಹೂಂ ಎಂದಿರಬೇಕು. ಆಮೇಲೆ ಈ ಮನೆಗೆ ಎಷ್ಟು ಕಾಗದ ಹೋಗಿವೆ, ಎಲ್ಲವೂ ಎರಡೆರಡು ಭಾಷೆಯಲ್ಲಿ, ಎರಡೂ ಇವಳದಲ್ಲ.

"ಮಿಶ್ತೆಕೊ?" ಎಂದು ಮೆಲ್ಲಗೆ ಕೇಳಿದಳು. ಗಡಿಯಾಚೆಯ ಬೆಟ್ಟದ ಹಳ್ಳಿಗಳಿಂದ ತೋಟದ ಕೆಲಸಕ್ಕೆ ಬರುವ ಮೂಲನಿವಾಸಿಗಳ ಭಾಷೆ ಅದು; ಸ್ಪ್ಯಾನಿಷ್ ಆಡುವವರು ಅದನ್ನು ಕೀಳಾಗಿ ಕಾಣುತ್ತಿದ್ದರು.

ಒದೀಲಿಯಾ ಮೊದಲು ಬಾಗಿಲ ಕಡೆ ನೋಡಿದಳು, ಯಾರಾದರೂ ಕೇಳಿಸಿಕೊಂಡರೇ ಎಂಬಂತೆ. ಆಮೇಲೆ ಹೌದೆಂದು ತಲೆಯಾಡಿಸಿದಳು.

ಮಗಳನ್ನು ಕರೆಸಿದರೆ ಐದು ನಿಮಿಷದ ಕೆಲಸವಾಗಿತ್ತು. ಅವಳು ಹೊರಗೆ ಮೆಟ್ಟಿಲ ಮೇಲೇ ಕೂತಿದ್ದಳು. ದೆಲ್ಫೀನಾ ಕರೆಯಲಿಲ್ಲ. ತನ್ನ ಹಣೆಬರಹವನ್ನು ತಾನೇ ಅಮ್ಮನಿಗೆ ಅನುವಾದಿಸಿ ಹೇಳುವುದು ಯಾವ ಹುಡುಗಿಗೂ ಬೇಡ ಎಂದು ಅವಳಿಗೆ ಅನ್ನಿಸಿತು. ದುಭಾಷಿ ಸೇವೆಗೆ ಫೋನು ಮಾಡಿದಳು. ಇಪ್ಪತ್ತು ನಿಮಿಷ ಸಂಗೀತ ಕೇಳಿದ ಮೇಲೆ ಮಿಶ್ತೆಕೊ ಬಲ್ಲ ಒಬ್ಬ ಗಂಡಸು ಸಿಕ್ಕಿದ. ಒದೀಲಿಯಾ ಫೋನನ್ನು ಕಿವಿಗಿಟ್ಟು ಗಮನವಿಟ್ಟು ಕೇಳಿ, ಹಿಂದಕ್ಕೆ ಕೊಟ್ಟು, ತನಗೆ ಬರುವ ನಾಲ್ಕು ಸ್ಪ್ಯಾನಿಷ್ ಪದಗಳಲ್ಲಿ ಹೇಳಿದಳು: "ಬೇರೆ ಬೆಟ್ಟದವನು. ನನ್ನ ಊರು ಸಾನ್ ಮಾರ್ತಿನ್."

ಬೆಟ್ಟಕ್ಕೊಂದು ಮಿಶ್ತೆಕೊ ಎಂದು ದೆಲ್ಫೀನಾಳಿಗೆ ಆಗಲೇ ತಿಳಿದದ್ದು. ಗಂಟೆ ಮೂರೂ ಐವತ್ತು.

ಕಾಲೇಜಿನ ತೋಟ ನೋಡಿಕೊಳ್ಳುವ ನಿಕಾನೋರ್ ದಿನವೂ ಊಟದ ಹೊತ್ತಿನಲ್ಲಿ ಅವಳ ಕಿಟಕಿಯ ಕೆಳಗಿನ ನೆರಳಲ್ಲಿ ಕೂತು ಫೋನಿನಲ್ಲಿ ಅಕ್ಕನ ಜೊತೆ ಮಾತಾಡುತ್ತಿದ್ದ. ಅದು ಯಾವ ಭಾಷೆ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಈಗ ಬಯಲು ದಾಟಿ ಓಡಿದಳು. ಅವನು ಎಲೆ ಊದುವ ಯಂತ್ರ ನಿಲ್ಲಿಸಿದ.

"ನಿಕಾನೋರ್, ನಿಮ್ಮೂರು ಯಾವುದು?"

"ಏನು ಮೇಡಂ, ಇಷ್ಟು ವರ್ಷ ಆದ್ಮೇಲೆ ಊರು ಕೇಳ್ತಿದ್ದೀರಾ? ಸಂಬಂಧ ಗಿಂಬಂಧ ನೋಡ್ತಾ ಇದ್ದೀರಾ?"

"ತಮಾಷೆ ಸಾಕು. ಸಾನ್ ಮಾರ್ತಿನ್ ಕಡೆ ಮಾತು ಬರುತ್ತಾ?"

"ಬರುತ್ತಾ ಅಂದ್ರೆ? ಮನಸಾರೆ ಬೈಯೋಕೆ ನನಗೆ ಬೇರೆ ಭಾಷೆನೇ ಇಲ್ಲ."

ಒಳಗೆ ಬಂದು ಅವನು ಟೊಪ್ಪಿಗೆ ತೆಗೆದ. ಅವನು ಎರಡು ಮಾತು ಆಡಿದ್ದೇ ಒದೀಲಿಯಾ ಕುರ್ಚಿಯಲ್ಲಿ ಕೂತಳು. ಅವಳ ದನಿ ಬದಲಾಯಿತು. ದಪ್ಪ, ಚುರುಕಾದ ದನಿ ಅದು. ಅವರಿಬ್ಬರ ಮಾತು ಸಾಗುತ್ತಲೇ ಇತ್ತು. ನಡುವೆ ಅವಳು ನಕ್ಕಳು ಕೂಡ. ದೆಲ್ಫೀನಾ ಗಡಿಯಾರ ನೋಡಿದಳು. ನಾಲ್ಕೂ ಹತ್ತು.

"ಏನಂತೆ?"

"ಇವರ ಅತ್ತೆ ನಮ್ಮ ದೊಡ್ಡಪ್ಪನ ಕಡೆಯವರು. ತಡೀರಿ ಮೇಡಂ, ಇದು ಮುಗೀದೆ ಬೇರೆ ಮಾತು ಎತ್ತೋ ಹಾಗಿಲ್ಲ."

ಅದು ಮುಗಿದ ಮೇಲೆ ದೆಲ್ಫೀನಾ ಎರಡೂ ದಾರಿಗಳನ್ನು ಹೇಳಿದಳು. ನಿಕಾನೋರ್ ತಿರುಗಿಸಿ ಹೇಳಿದ. ಒದೀಲಿಯಾ ತಗ್ಗಿದ ದನಿಯಲ್ಲಿ ಮಾತಾಡಿದಳು.

"ಶಾಲೆಯವರೇ ಹುಡುಗೀನ ತೆಗೆದು ಹಾಕಿದ್ರು ಅಂತ ತಿಳ್ಕೊಂಡಿದ್ರಂತೆ," ಎಂದ ನಿಕಾನೋರ್. "ಆ ಸಾಹೇಬ್ರು ಅಷ್ಟು ಹೊತ್ತು ಮಾತಾಡಿದ್ರಲ್ಲ, ದೊಡ್ಡ ತಪ್ಪೇ ಇರ್ಬೇಕು ಅಂತ. ಓದಿದವರು ತೀರ್ಮಾನ ಮಾಡಿದ್ಮೇಲೆ ತಕರಾರು ಮಾಡೋದು ಮರ್ಯಾದೆ ಅಲ್ಲ ಅಂತ ಸಹಿ ಹಾಕಿದ್ರಂತೆ. ಮಗಳನ್ನ ಕೆದಕಿದ್ರೆ ಅವಳಿಗೆ ಅವಮಾನ ಅಂತ ಏನೂ ಕೇಳ್ಲಿಲ್ಲವಂತೆ. ಆ ಶಾಲೆಗೆ ಹೋಗು ಅಂದದ್ದಷ್ಟೇ."

ಬಾಗಿಲಲ್ಲಿ ಬಂದು ನಿಂತಿದ್ದ ಕಿರೋಗಾ ಇದನ್ನು ಕೇಳಿಸಿಕೊಂಡ. "ನಾನು ಎಷ್ಟು ಚೆನ್ನಾಗಿ ವಿವರಿಸ್ದೆ ಅಂದ್ಕೊಂಡಿದ್ದೆ," ಎಂದು ಹೇಳಿ ಗೋಡೆಗೆ ಒರಗಿದ.

ಈಗ ಒದೀಲಿಯಾಳ ಪ್ರಶ್ನೆಗಳು ಶುರುವಾದವು. ಹೆಚ್ಚಿನ ಪಾಠ ಹೇಳುವವರು ಯಾರು, ಗಂಡಸೋ ಹೆಂಗಸೋ? ಕತ್ತಲಾಗುವ ಮುಂಚೆ ಹುಡುಗಿ ಮನೆ ಸೇರುತ್ತಾಳೋ? ಮತ್ತೆ ಡಿ ಬಂದರೆ ಮತ್ತೆ ಇದೇ ಕಾಗದವೋ? ದೆಲ್ಫೀನಾ ಒಂದೊಂದಕ್ಕೂ ಉತ್ತರ ಕೊಟ್ಟಳು. ಸಮಾಜಶಾಸ್ತ್ರ ಅಂದರೆ ಏನು ಎಂಬುದಕ್ಕೆ ಮಾತ್ರ ಕಿರೋಗಾ ಮುಂದೆ ಬಂದು ಮೂರು ನಿಮಿಷ ಹೇಳಿದ. ನಿಕಾನೋರ್ ಅದನ್ನು ಒಂದೇ ಸಾಲಿಗೆ ಇಳಿಸಿದ.

"ಜನ ಯಾಕೆ ಹೀಗಿದ್ದಾರೆ ಅಂತ ಓದೋದು ಅಂದೆ. ಅದನ್ನ ಪುಸ್ತಕದಲ್ಲಿ ಬೇರೆ ಓದ್ಬೇಕಾ ಅಂತ ಕೇಳ್ತಿದ್ದಾರೆ."

ಕೊಠಡಿಯಲ್ಲಿ ಎಲ್ಲರೂ ನಕ್ಕರು. ಒದೀಲಿಯಾ ನಗಲಿಲ್ಲ, ಅವಳು ಉತ್ತರಕ್ಕೆ ಕಾಯುತ್ತಿದ್ದಳು. ಕೊನೆಗೆ ಮಗಳನ್ನು ಕರೆಯಿರಿ ಎಂದಳು.

ಮಾಯ್ರಾ ಬಂದು ನಿಂತಳು. ತಾಯಿ ತನ್ನ ಮಾತಿನಲ್ಲಿ ಏನೋ ಕೇಳಿದಳು. ಹುಡುಗಿ ಆ ಕೊಠಡಿಯಲ್ಲಿ ಎಂದೂ ಆಡದ ಭಾಷೆಯಲ್ಲಿ, ಮೊದಲು ತಡವರಿಸಿ, ಆಮೇಲೆ ಒಂದೇ ಉಸಿರಿನಲ್ಲಿ ಉತ್ತರಿಸಿದಳು. ನಿಕಾನೋರ್ ಅದನ್ನು ಅನುವಾದಿಸಲಿಲ್ಲ. ದೆಲ್ಫೀನಾ ಕೇಳಲೂ ಇಲ್ಲ. ತಾಯಿ ಮಗಳ ಮುಂಗೈ ಹಿಡಿದು ಮೇಜಿನ ಕಡೆ ತಿರುಗಿದಳು.

"ಇಲ್ಲೇ ಇರ್ತಾಳಂತೆ," ಎಂದ ನಿಕಾನೋರ್.

ನಷ್ಟ ಆಗದೆ ಇರಲಿಲ್ಲ. ವರ್ಗಾವಣೆಯ ಸುದ್ದಿ ತಿಳಿದು ಸಮಾಜಶಾಸ್ತ್ರದ ತರಗತಿಯಿಂದ ಕಾಲೇಜು ಸೋಮವಾರವೇ ಮಾಯ್ರಾಳ ಹೆಸರು ತೆಗೆದಿತ್ತು. ಅದನ್ನು ಮುಂದಿನ ವಸಂತದಲ್ಲಿ ಮೊದಲಿನಿಂದ ಓದಬೇಕು. ಅದನ್ನೂ ಮುಚ್ಚಿಡದೆ ಹೇಳಿದ ಮೇಲೆ ದೆಲ್ಫೀನಾ ವರ್ಗಾವಣೆ ರದ್ದು ಮಾಡುವ ನಮೂನೆ ತೆಗೆದಳು. ಕಾರಣ ಎಂಬ ಸಾಲಿನಲ್ಲಿ 'ದಾಖಲಾತಿ ಗುಮಾಸ್ತೆಯ ತಪ್ಪು' ಎಂದು ಬರೆದಳು.

"ಸಲಹೆಗಾರನದೂ ಅಂತ ಸೇರಿಸು," ಎಂದ ಕಿರೋಗಾ.

"ನಿನ್ನದು ನೀನೇ ಬರಿ. ನನ್ನ ಅಕ್ಷರದಲ್ಲಿ ನಿನ್ನ ತಪ್ಪು ಯಾಕೆ?"

ಅವನು ಬಗ್ಗಿ ಬರೆದ.

ಒದೀಲಿಯಾ ಸಹಿಯ ಜಾಗಕ್ಕೆ ಕೈ ಹಾಕಲಿಲ್ಲ. ಬೆರಳನ್ನು ಮೊದಲ ಸಾಲಿನ ಮೇಲಿಟ್ಟು ನಿಕಾನೋರನ ಕಡೆ ನೋಡಿದಳು. ಅವನು ಓದಿ ಹೇಳಿದ. ಬೆರಳು ಎರಡನೇ ಸಾಲಿಗೆ ಇಳಿಯಿತು. ಹನ್ನೊಂದು ಸಾಲುಗಳಿದ್ದವು. ನಾಲ್ಕೂ ನಲವತ್ತೆಂಟು, ನಾಲ್ಕೂ ಐವತ್ತು. ದೆಲ್ಫೀನಾ ಕೈಕಟ್ಟಿ ಕೂತಿದ್ದಳು, ಅವಸರ ಮಾಡಲಿಲ್ಲ. ನಾಲ್ಕೂ ಐವತ್ತಮೂರಕ್ಕೆ ಸಹಿ ಬಿತ್ತು.

ತಾಯಿ ಮಗಳು ಹೋದ ಮೇಲೆ ಅವಳು ಪಟ್ಟಿ ತೆರೆದು ಸ್ಪ್ಯಾನಿಷ್ ನೂರ ಇಪ್ಪತ್ತು, ಮಿಶ್ತೆಕೊ ಒಂದು ಎಂದು ತಿದ್ದಿದಳು. ಹತ್ತಕ್ಕಿಂತ ಚಿಕ್ಕ ಸಂಖ್ಯೆಯನ್ನು ರಾಜ್ಯ ಪ್ರಕಟಿಸುವುದಿಲ್ಲ. ಆ ಒಂದು ಮುಂದೆ ಬರೀ ನಕ್ಷತ್ರದ ಗುರುತಾಗುತ್ತದೆ. ಅವಳಿಗೆ ಚಿಂತೆ ಹುಟ್ಟಿಸಿದ್ದು ಆ ಒಂದಲ್ಲ, ಆ ನೂರ ಇಪ್ಪತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ತಾನು ಕೂಡಿಸಿದ ಅಂಕಿಯನ್ನು ನಂಬದೆ ಪಟ್ಟಿಯನ್ನು ಕಳಿಸಿದಳು.

ನಿಕಾನೋರ್ ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದ.

"ನಾಳೆ ಎಷ್ಟು ಹೊತ್ತಿಗೆ ಬಿಡುವು ನಿಮಗೆ?"

"ಎಲೆ ಉದುರೋದು ನಿಂತ್ಮೇಲೆ."

"ಅಂದ್ರೆ ಡಿಸೆಂಬರ್‌ಗೆ. ನನಗೆ ನಾಳೇನೇ ಬೇಕು. ಇನ್ನೂ ಎಷ್ಟೋ ಮನೆಗಳಿಗೆ ಹೋಗಿ ಕೇಳ್ಬೇಕು."

"ಐದರ ಮೇಲೆ ಬರ್ತೀನಿ. ಆದ್ರೆ ಪುಕ್ಕಟೆ ಅಲ್ಲ ಮೇಡಂ. ಎಲೆ ಊದೋದಕ್ಕಿಂತ ಇದು ಕಷ್ಟ."

"ಪುಕ್ಕಟೆ ಅಲ್ಲ," ಎಂದು ಒಪ್ಪಿ, ದೆಲ್ಫೀನಾ ಹೊಸ ಹಾಳೆ ತೆಗೆದುಕೊಂಡು ಪ್ರಾಂಶುಪಾಲರಿಗೆ ಬರೆಯತೊಡಗಿದಳು: ದುಭಾಷಿ, ಸಾನ್ ಮಾರ್ತಿನ್ ಕಡೆಯ ಮಿಶ್ತೆಕೊ, ವಾರಕ್ಕೆ ಆರು ಗಂಟೆ.