ಕಾಲಿನಿಂದ ಕಲಿತ ಇಂಗ್ಲಿಷ್

ನಾವೀಗ ಇರುವ ಅನ್ನಪೂರ್ಣೇಶ್ವರಿ ನಗರದ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದು ಹೆಣ್ಣುದನಿ ಇದೆ. ಬಾಗಿಲು ಮುಚ್ಚಿದ ಕೂಡಲೇ ‘ಗೋಯಿಂಗ್ ಅಪ್’ ಅನ್ನುತ್ತದೆ, ಇಳಿಯುವಾಗ ‘ಗೋಯಿಂಗ್ ಡೌನ್’. ನಮ್ಮ ಮನೆಯವರ ಕಿವಿಗೆ ಅದು ಬೀಳುವುದೇ ಇಲ್ಲ. ನನಗೆ ಮಾತ್ರ ಆ ದನಿ ಕೇಳಿದೊಡನೆ ಒದ್ದೆ ಕೆಂಪು ಗಾರೆ ನೆಲದ ವಾಸನೆ ಮೂಗಿಗೆ ಬರುತ್ತದೆ. ತಣ್ಣಗಿನ ನೆಲ, ಅಂಗಾಲಿಗೆ ಅಂಟುವ ಸೀಮೆಸುಣ್ಣದ ಪುಡಿ, ಅಡುಗೆಮನೆಯಲ್ಲಿ ಸಾಸಿವೆ ಸಿಡಿಯುವ ಸದ್ದು, ಎಲ್ಲವೂ ನಮ್ಮ ಮಹಡಿ ಬರುವುದರೊಳಗೆ ಬಂದು ಹೋಗುತ್ತವೆ. ಓದುತ್ತಿರುವ ನಿಮಗೂ ಅಂಥದ್ದೊಂದು ಮನೆ ಇದ್ದಿರಬೇಕು, ಬಹುಶಃ ಈಗ ಇರಲಿಕ್ಕಿಲ್ಲ. ನನ್ನದು ರಾಜಾಜಿನಗರದಲ್ಲಿತ್ತು. ಅದು ಅಮ್ಮನ ಅಕ್ಕನ ಮನೆ, ನನ್ನ ದೊಡ್ಡಮ್ಮನ ಮನೆ.

ದೊಡ್ಡಮ್ಮ ಬಿ.ಎ. ಓದಿ ಯಾವ ಕೆಲಸಕ್ಕೂ ಹೋಗದೆ ಉಳಿದವರು. ಸಂಜೆಯಾದರೆ ಬೀದಿಯ ಕನ್ನಡ ಮೀಡಿಯಂ ಮಕ್ಕಳನ್ನೆಲ್ಲ ಗುಡ್ಡೆ ಹಾಕಿಕೊಂಡು ಇಂಗ್ಲಿಷ್ ಹೇಳಿಕೊಡುತ್ತಿದ್ದರು. ನಾನು ಬಸವೇಶ್ವರನಗರದಿಂದ ನಡೆದುಕೊಂಡೇ ಬರುತ್ತಿದ್ದೆ. ಅವರ ಪಾಠದಲ್ಲಿ ಕೂರುವ ಮಾತೇ ಇರಲಿಲ್ಲ. ‘ಗೋ ಅಪ್’ ಅಂದರೆ ಹದಿನಾಲ್ಕು ಮೆಟ್ಟಿಲು ಹತ್ತಿ ತಾರಸಿಗೆ ಹೋಗಬೇಕು. ‘ಕಮ್ ಡೌನ್’ ಅಂದರೆ ದಡಬಡ ಇಳಿಯಬೇಕು. ‘ಗೋ ರೌಂಡ್’ ಅಂದರೆ ತುಳಸಿಕಟ್ಟೆಗೊಂದು ಸುತ್ತು, ‘ಸ್ಟೆಪ್ ಓವರ್’ ಅಂದರೆ ಹೊಸ್ತಿಲು ತುಳಿಯದೆ ದಾಟುವುದು, ‘ಗೆಟ್ ಅಂಡರ್’ ಅಂದರೆ ನಡುಮನೆಯ ಟೀಪಾಯಿಯ ಕೆಳಗೆ ತೂರುವುದು. “ನಮ್ಮಲ್ಲಿ ನೋಡ್ರೋ, ಹತ್ತೋದು, ಇಳಿಯೋದು, ದಾಟೋದು, ಸುತ್ತೋದು, ಎಲ್ಲಕ್ಕೂ ಬೇರೆ ಬೇರೆ ಮಾತು. ಇಂಗ್ಲಿಷ್‌ನೋರು ಸೋಂಬೇರಿಗಳು ಕಣ್ರೋ. ಒಂದು ‘ಗೋ’ ಇಟ್ಕೊಂಡು, ಅದರ ಹಿಂದೆ ಒಂದೊಂದು ಚೂರು ಅಂಟಿಸ್ಕೊಂಡು ಪ್ರಪಂಚ ಎಲ್ಲಾ ಸುತ್ತಿಬಿಟ್ರು,” ಅನ್ನುತ್ತಿದ್ದರು. ನನಗೆ ಅದು ಪವಾಡವಾಗಿ ಕಾಣುತ್ತಿತ್ತು. ಉಗುರಿನಷ್ಟು ಪುಟ್ಟ ಮಾತು ‘ಅಪ್’. ಅದನ್ನು ಹೇಳಿದ ಮಾತ್ರಕ್ಕೆ ನಾನು ಆಕಾಶದ ಕೆಳಗೆ ನಿಂತು, ಮಹಾಲಕ್ಷ್ಮಿ ಲೇಔಟ್ ಕಡೆಯ ತಾರಸಿಗಳ ಮೇಲೆ ಒಣಗುವ ಬಟ್ಟೆಗಳನ್ನೆಲ್ಲ ನೋಡುತ್ತಿದ್ದೆ. ಇಷ್ಟು ದೂರ ಕಳಿಸುವ ಶಕ್ತಿ ಎರಡಕ್ಷರಕ್ಕೆ ಎಲ್ಲಿಂದ ಬಂತೋ ಎಂದು ಬಾಯಿ ಬಿಟ್ಟುಕೊಂಡು ನಿಂತರೆ ಕೆಳಗಿನಿಂದ ಬೈಗುಳ ಬರುತ್ತಿತ್ತು.

ಆ ಮನೆಯಲ್ಲಿ ಒಂದೇ ಕಟ್ಟುನಿಟ್ಟು. ಯಾವ ಸಾಮಾನನ್ನೂ ಜಾಗ ಬಿಟ್ಟು ಅಲುಗಿಸಬಾರದು, ಅಲುಗಿಸಿದರೆ ಇದ್ದಲ್ಲೇ ತಂದಿಡಬೇಕು. ಕುರ್ಚಿ, ಕೊಡ, ಪೊರಕೆ, ಚಪ್ಪಲಿ ಎಲ್ಲದಕ್ಕೂ ನೆಲದ ಮೇಲೆ ಅಳೆದಿಟ್ಟಂಥ ಜಾಗ. ಪಾಠ ತಪ್ಪದಿರಲಿ ಅಂತ ಈ ಶಿಸ್ತು ಎಂದು ನಾವು ತಿಳಿದಿದ್ದೆವು. ಅವರ ಒಬ್ಬಳೇ ಮಗಳು ಆಗಲೇ ಮದುವೆಯಾಗಿ ಹೋಗಿದ್ದಳು. ದೊಡ್ಡಪ್ಪ ಸರ್ಕಾರಿ ಕಚೇರಿಯಲ್ಲಿದ್ದರು. ಅವರಿಗೆ ಈ ಗಲಾಟೆ ಕಂಡರಾಗುತ್ತಿರಲಿಲ್ಲ. “ಸಾಕು ಮಾಡೇ ಇದನ್ನ, ಮನೇನ ಮೈದಾನ ಮಾಡಿದೀಯ,” ಎಂದು ದಿನಾ ಒಂದು ನೆಪ ಹುಡುಕುತ್ತಿದ್ದರು.

ನನಗೆ ಹತ್ತು ವರ್ಷ. ಒಂದು ಸಂಜೆ ಟೀಪಾಯಿಯ ಕೆಳಗೆ ತೂರಿ ಆಚೆ ಬರುವಾಗ ಬೆನ್ನು ತಗುಲಿ ಅದು ಎರಡು ಅಡಿ ಸರಿಯಿತು. ಮತ್ತೆ ಅದರ ಜಾಗಕ್ಕೆ ಸರಿಸಿಡಬೇಕಿತ್ತು. ಅಷ್ಟರಲ್ಲಿ ‘ಗೋ ಔಟ್’ ಕೇಳಿಸಿತು, ಎಲ್ಲರ ಜೊತೆ ಅಂಗಳಕ್ಕೆ ಓಡಿದೆ. ನಮ್ಮ ಹಿಂದೆಯೇ ಎಂದಿನ ಬಿರುಸಿನಲ್ಲಿ ಬಂದ ದೊಡ್ಡಮ್ಮ ನೇರ ಟೀಪಾಯಿಗೆ ಎಡವಿ ಬಿದ್ದರು. ಕಿಟಕಿಯಿಂದ ಬಿಸಿಲು ಅದರ ಮೇಲೇ ಬಿದ್ದಿತ್ತು, ಅಂಬೆಗಾಲಿಡುವ ಮಗುವಿಗೂ ಕಾಣುವ ಹಾಗೆ. ನಾನು ಅರಿಶಿನ ತಂದು ಅವರ ಎಡಗಡೆ ಕೂತು, ರಕ್ತ ಬರುತ್ತಿದ್ದ ಮಂಡಿಗೆ ಒತ್ತಿದೆ. ಅವರು ಎದುರಿನ ಗೋಡೆ ನೋಡುತ್ತಾ, “ಎಲ್ಲಿದೀಯ ಪುಟ್ಟಿ?” ಎಂದರು.

ಪಕ್ಕದಲ್ಲೇ ಇದ್ದೆ. ಅವರಿಗೆ ಕಾಣುತ್ತಿರಲಿಲ್ಲ.

ಉಳಿದ ಮಕ್ಕಳು ಮನೆಗೆ ಹೋದ ಮೇಲೆ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಹೇಳಿದರು. ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು, ಕೆಳಗಿನದು ಮಸುಕು. ವರ್ಷದಿಂದ ಹೀಗಿದೆ. “ನಮ್ಮಮ್ಮಂಗೂ ಹಿಂಗೇ ಆಯ್ತು. ಗೋಡೆ ಪಕ್ಕ ಮಂಚದ ಮೇಲೆ ಕೂರಿಸಿದ್ರು ನೋಡು, ಸಾಯೋವರ್ಗೂ ಅಲ್ಲೇ ಕೂತಿದ್ಲು. ಇದು ವಂಶದಲ್ಲಿ ಬಂದಿದ್ದು, ಏನೂ ಮಾಡೋಕಾಗಲ್ಲ. ನಿಮ್ಮ ದೊಡ್ಡಪ್ಪಂಗೆ ಗೊತ್ತಾದ್ರೆ ನಾಳೆನೇ ಪಾಠ ನಿಲ್ಲಿಸ್ತಾರೆ. ಯಾರಿಗೂ ಹೇಳಲ್ಲ ತಾನೆ?” ನಾನು ತಲೆಯಾಡಿಸಿದೆ. ಆಮೇಲೆ ತಲೆಯಾಡಿಸಿದ್ದು ಅವರಿಗೆ ಕಂಡಿತೋ ಇಲ್ಲವೋ ಎಂದು, “ಹೇಳಲ್ಲ ದೊಡ್ಡಮ್ಮ,” ಎಂದೆ.

ಮರುದಿನದಿಂದ ಪಾಠ ತಿರುವುಮುರುವಾಯಿತು. “ಇನ್ಮೇಲೆ ನೀವು ಹೇಳಿ, ನಾನು ನಡೀತೀನಿ. ತಪ್ಪು ಹೇಳಿದ್ರೆ ಬೀಳೋಳು ನಾನು, ನೆನಪಿಟ್ಕೊಳಿ,” ಎಂದರು. ಮೇಷ್ಟರಮ್ಮನಿಗೇ ಹುಕುಂ ಮಾಡುವ ಭಾಗ್ಯ ಯಾವ ಮಕ್ಕಳಿಗೆ ಸಿಕ್ಕೀತು? ಒಬ್ಬರ ಮೇಲೊಬ್ಬರು ಬಿದ್ದು ಕೂಗುತ್ತಿದ್ದೆವು, ಗೋ ಇನ್, ಟರ್ನ್ ಬ್ಯಾಕ್, ಸ್ಟೆಪ್ ಓವರ್, ಅಪ್, ಅಪ್, ಇನ್ನೂ ಅಪ್. ಗೋಡೆ ಮುಟ್ಟದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎತ್ತಿದ ಗಲ್ಲ ಇಳಿಸದೆ ದೊಡ್ಡಮ್ಮ ತಾರಸಿ ಹತ್ತುತ್ತಿದ್ದರು. ಗುಟ್ಟು ಗೊತ್ತಿದ್ದವಳು ನಾನೊಬ್ಬಳೇ. ಹತ್ತಾರು ಮಕ್ಕಳ ಕೀರಲು ದನಿಯನ್ನು ನಂಬಿ ಒಬ್ಬ ಹೆಂಗಸು ಖಾಲಿ ಗಾಳಿಗೆ ಹೆಜ್ಜೆ ಇಡುವುದನ್ನು ನೋಡಿ ಮೈ ಜುಮ್ಮೆನ್ನುತ್ತಿತ್ತು. ಅಷ್ಟು ದೊಡ್ಡ ಧೈರ್ಯವನ್ನು ನಾನು ಆಮೇಲೆ ಯಾರಲ್ಲೂ ಕಂಡಿಲ್ಲ. ದಿನ ಕಳೆದಂತೆ ನಾವೂ ಪಳಗಿದೆವು. ಕೊನೆಯ ಮೆಟ್ಟಿಲು ಯಾವುದು, ತಿರುವು ಎಲ್ಲಿ ಎಂದು ಅವರು ಕಾಲು ಎತ್ತುವ ಮೊದಲೇ ಹೇಳುವಷ್ಟು. ಆ ಮಕ್ಕಳಲ್ಲಿ ಯಾರಿಗೂ ಮುಂದೆ ಇಂಗ್ಲಿಷಿನ ಆ ಪುಟ್ಟ ಮಾತುಗಳು ತಪ್ಪಲಿಲ್ಲ. ಹೀಗೆ ಎರಡು ವರ್ಷ ನಡೆಯಿತು.

ಆಮೇಲೆ ಒಂದು ಬೆಳಿಗ್ಗೆ, ಮಕ್ಕಳಿಲ್ಲದ ಹೊತ್ತಿನಲ್ಲಿ, ದೊಡ್ಡಮ್ಮ ಹಾಲು ಉಕ್ಕಿಸಿ ಕೈ ಸುಟ್ಟುಕೊಂಡರು. ದೊಡ್ಡಪ್ಪನಿಗೆ ಎಲ್ಲ ಗೊತ್ತಾಯಿತು. ಆಸ್ಪತ್ರೆಗೆ ಅಮ್ಮನ ಜೊತೆ ನಾನೂ ಹೋಗಿದ್ದೆ. ಕಣ್ಣಿನೊಳಗೆ ಒತ್ತಡ ಹೆಚ್ಚಿದೆ, ಹೋದ ದೃಷ್ಟಿ ಇನ್ನು ಬರುವುದಿಲ್ಲ, ಎರಡು ವರ್ಷ ಮೊದಲೇ ಬಂದಿದ್ದರೆ ದಿನಾ ಎರಡು ಹನಿ ಔಷಧಿಯಲ್ಲೇ ಬಹಳಷ್ಟು ಉಳಿಸಬಹುದಿತ್ತು, ಎಂದರು ಡಾಕ್ಟರು. ಎರಡು ವರ್ಷ. ನಾನು ಅಮ್ಮನ ಸೆರಗು ಹಿಡಿದು ನಿಂತಿದ್ದೆ. ದೊಡ್ಡಪ್ಪ ಬೈಯಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತು, “ನಂಗೊಂದು ಮಾತು ಹೇಳ್ಬಾರ್ದಿತ್ತಾ,” ಎಂದು ಅತ್ತರು. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಪಾಠ ನಿಂತಿತು.

ದೊಡ್ಡಪ್ಪ ತೀರಿಕೊಂಡ ಮೇಲೆ ಮನೆ ಮಾರಿದರು. ಈಗ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ, ಕೆಳಗೆ ಟೈಲ್ಸ್ ಅಂಗಡಿ. ಹದಿನಾಲ್ಕು ಮೆಟ್ಟಿಲು, ಹೊಸ್ತಿಲು, ತುಳಸಿಕಟ್ಟೆ ಯಾವುದೂ ಇಲ್ಲ. ದೊಡ್ಡಮ್ಮ ಕೆಂಗೇರಿಯಲ್ಲಿ ಮಗಳ ಮನೆ ಸೇರಿದರು. ಹೋಗುವಷ್ಟರಲ್ಲಿ ಎರಡೂ ಕಣ್ಣು ಪೂರ್ತಿ ಕತ್ತಲಾಗಿತ್ತು. ಅಲ್ಲಿಗೆ ನಾನು ಎಷ್ಟೋ ಸಲ ಹೋದೆ. ಊಟ, ಸೀರೆ, ಮದುವೆ ಮುಂಜಿ ಎಲ್ಲ ಮಾತಾಡಿದೆ, ಕೇಳಬೇಕಾದ್ದೊಂದನ್ನು ಬಿಟ್ಟು.

ಕೇಳಿದ್ದು ಅವರು ತೀರಿಕೊಳ್ಳುವ ಹಿಂದಿನ ವರ್ಷ. ಅವರ ತಲೆ ಬಾಚುತ್ತಿದ್ದೆ. ಅವರ ಮುಖ ನನಗೆ ಕಾಣದಿದ್ದುದರಿಂದ ಧೈರ್ಯ ಬಂತೋ ಏನೋ. “ಅವತ್ತೇ ಅಮ್ಮಂಗೆ ಹೇಳ್ಬೇಕಿತ್ತಲ್ವಾ ದೊಡ್ಡಮ್ಮ ನಾನು?”

“ಹೇಳ್ಬೇಕಿತ್ತು,” ಎಂದರು ಅವರು. “ಹೇಳಿದ್ರೆ ಈ ಜನ್ಮದಲ್ಲಿ ನಿನ್ನ ಮಾತಾಡಿಸ್ತಿರ್ಲಿಲ್ಲ.”

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು.

“ಎಷ್ಟು ವಯಸ್ಸೇ ಆಗ ನಿಂಗೆ?”

“ಹತ್ತು.”

“ಹತ್ತು,” ಎಂದರು. “ಹತ್ತು ವರ್ಷದ ಕೂಸಿನ ತಲೆ ಮೇಲೆ ಇದನ್ನ ಹೊರಿಸ್ಬಿಟ್ಟೆ.” ಹಾಗೆಂದು ತಿರುಗದೆಯೇ ಕೈಯನ್ನು ಹಿಂದಕ್ಕೆ ಚಾಚಿ ನನಗಾಗಿ ಹುಡುಕಿದರು. ಅವರಿಗೆ ಸಿಗುವ ಹಾಗೆ ನಾನು ತಲೆ ಬಗ್ಗಿಸಿದೆ.